ಮನೆಯಲ್ಲಿ ತಪಸ್ಸುಕಾಲದ ಧ್ಯಾನಕೂಟ: ಮೂರನೇ ವಾರಕ್ಕೆ ನಿಂತುಹೋಗದಂತೆ ನಡೆಸುವ ಕ್ರಮ

ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲ ಶುರುವಾಗುವುದು ಬೂದಿ ಬುಧವಾರ. ಆ ದಿನದ ಹುರುಪಿನಲ್ಲಿ ಹತ್ತು ಹದಿನೈದು ಮಂದಿ ಒಂದು ಮನೆಯಲ್ಲಿ ಸೇರುತ್ತಾರೆ. ಎರಡನೇ ವಾರ ಮಾತು ಬೆಳೆಯುತ್ತದೆ, ತಿಂಡಿಯೂ ಬೆಳೆಯುತ್ತದೆ. ಮೂರನೇ ವಾರ ಒಬ್ಬರಿಗೆ ಆಫೀಸಿನ ಕೆಲಸ, ಇನ್ನೊಬ್ಬರಿಗೆ ಮಗಳ ಪರೀಕ್ಷೆ, ಮತ್ತೊಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುತ್ತಾರೆ. ನಾಲ್ಕನೇ ವಾರ ಕೂಟವೇ ಇರುವುದಿಲ್ಲ. ಬೆಂಗಳೂರಿನಲ್ಲಿ ಮನೆಗಳಲ್ಲಿ ಸೇರುವ ಸಣ್ಣ ಕ್ರೈಸ್ತ ಗುಂಪುಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ಕಥೆ. ಭಕ್ತಿ ಕಡಿಮೆಯಾಗಿ ಹೀಗಾಗುವುದಲ್ಲ, ಕೂಟದ ಕ್ರಮ ತಪ್ಪಿ ಹೀಗಾಗುತ್ತದೆ. ದೇವರ ವಾಕ್ಯ ಓದಿದ ಕೂಡಲೇ ಚರ್ಚೆ ಶುರುವಾದರೆ, ಬಂದವರು ಮನೆಗೆ ಒಯ್ಯುವುದು ಚರ್ಚೆಯನ್ನಷ್ಟೇ. ಅದು ಬೇರೆ ಕಡೆಯೂ ಸಿಗುತ್ತದೆ. ಅದಕ್ಕಾಗಿ ಯಾರೂ ಸಂಜೆ ಏಳರ ಟ್ರಾಫಿಕ್ ದಾಟಿ ಬರುವುದಿಲ್ಲ.

ಓದು, ಮೌನ, ಮಾತು, ಒಂದು ಕೆಲಸ, ಪ್ರಾರ್ಥನೆ. ಈ ಅನುಕ್ರಮವನ್ನು ಕಾಪಾಡುವುದೇ ಕೂಟ ನಡೆಸುವವರ ನಿಜವಾದ ಹೊಣೆ. ಉಳಿದ ಸಿದ್ಧತೆಯೆಲ್ಲ ಇದಕ್ಕೆ ಊರುಗೋಲು. ಇಲ್ಲಿ ರೋಮನ್ ಕಥೋಲಿಕ ಪಂಚಾಂಗವನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಬೇರೆ ಸಭೆಯವರು ಜೊತೆಗಿದ್ದರೆ ಏನು ಬದಲಾಯಿಸಬೇಕು ಎಂಬುದನ್ನು ಆಯಾ ಜಾಗದಲ್ಲಿ ಹೇಳಿದ್ದೇವೆ.

ಹಂತ 1: ದಿನ ಗೊತ್ತುಮಾಡಿ

ತಪಸ್ಸುಕಾಲಕ್ಕೆ ಮೂರು ವಾರ ಇರುವಾಗಲೇ ದಿನ ತೀರ್ಮಾನವಾಗಬೇಕು. ಗುರುವಾರ ಸಂಜೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಬುಧವಾರ ಹಿಡಿದರೆ ಮೊದಲ ಕೂಟವೇ ಬೂದಿ ಬುಧವಾರದ ಪೂಜೆಗೆ ಅಡ್ಡ ಬರುತ್ತದೆ. ಶುಕ್ರವಾರ ಚರ್ಚುಗಳಲ್ಲಿ ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆಯ ಹಾದಿ ಪ್ರಾರ್ಥನೆ ಇರುತ್ತದೆ. ಅದರೊಂದಿಗೆ ಪೈಪೋಟಿಗೆ ಇಳಿಯಬಾರದು. ವಾರದ ಕೊನೆಯಲ್ಲಿ ಅರ್ಧ ಬೆಂಗಳೂರು ಊರಿಗೆ ಹೊರಟಿರುತ್ತದೆ.

ಗುರುವಾರಕ್ಕೆ ಇನ್ನೊಂದು ಅನುಕೂಲವಿದೆ. ಬೂದಿ ಬುಧವಾರದ ಮರುದಿನ ಶುರುಮಾಡಿ, ಬರುವ ಭಾನುವಾರದ ಶುಭಸಂದೇಶವನ್ನು ಮೊದಲೇ ಓದುತ್ತ ಹೋದರೆ ಸರಿಯಾಗಿ 6 ಕೂಟಗಳಾಗುತ್ತವೆ. ಐದು ಭಾನುವಾರಕ್ಕೆ ಐದು, ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರಕ್ಕೆ ಒಂದು. ಏಳನೆಯ ಗುರುವಾರ ಪವಿತ್ರ ಗುರುವಾರ, ಅಂದು ಎಲ್ಲರೂ ಚರ್ಚಿನಲ್ಲಿರಬೇಕು. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10, ಪಾಸ್ಖ ಅಂದರೆ ಈಸ್ಟರ್ ಮಾರ್ಚ್ 28. ಹಾಗಾಗಿ ಕೂಟಗಳು ಫೆಬ್ರವರಿ 11, 18, 25 ಮತ್ತು ಮಾರ್ಚ್ 4, 11, 18.

ಭಾನುವಾರದ ಪಾಠಗಳು ಎ, ಬಿ, ಸಿ ಎಂದು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಯಾವ ವರ್ಷಕ್ಕೆ ಯಾವ ಶುಭಸಂದೇಶ ಎಂಬುದಕ್ಕೆ ಸುಲಭ ಲೆಕ್ಕವಿದೆ. ಇಸವಿಯನ್ನು 3ರಿಂದ ಭಾಗಿಸಿ. ಶೇಷ 1 ಬಂದರೆ ಎ ವರ್ಷ, 2 ಬಂದರೆ ಬಿ ವರ್ಷ, ಶೇಷ ಇಲ್ಲದಿದ್ದರೆ ಸಿ ವರ್ಷ. 2027 ಬಿ ವರ್ಷ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಪಾಠಪಟ್ಟಿ ಬೇರೆ. ಎರಡೂ ಕಡೆಯವರಿರುವ ಗುಂಪು ಯಾವುದಾದರೂ ಒಂದನ್ನು ಆರಿಸಿ ಆರೂ ವಾರ ಅದನ್ನೇ ಹಿಡಿಯಬೇಕು. ಸೀರೋ ಮಲಬಾರ್ ಸಭೆಯ ಮಲಯಾಳಿ ಕುಟುಂಬಗಳಿದ್ದರೆ ನೆನಪಿಡಿ: ಅವರ ಉಪವಾಸಕಾಲ 50 ದಿನದ್ದು, ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರದಿಂದಲೇ ಶುರುವಾಗಿರುತ್ತದೆ.

ಮಾರ್ಚ್ ಬೆಂಗಳೂರಿನಲ್ಲಿ ಪರೀಕ್ಷೆಯ ತಿಂಗಳು. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿರುವ ಮನೆಯಲ್ಲಿ ಕೂಟ ಇಟ್ಟುಕೊಳ್ಳಬೇಡಿ. ಆ ಮನೆಯಿಂದ ಅಪ್ಪನೋ ಅಮ್ಮನೋ ಒಬ್ಬರೇ ಬಂದರೂ ಸಾಕು ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬರಲಾಗದ ಮುಜುಗರಕ್ಕೆ ಇಡೀ ಕುಟುಂಬವೇ ದೂರ ಸರಿಯುತ್ತದೆ.

ಹಂತ 2: ಎಷ್ಟು ಜನ, ಯಾರ ಮನೆ

6ರಿಂದ 10 ಜನ ಸರಿಯಾದ ಸಂಖ್ಯೆ, 12 ಮಿತಿ. ಒಬ್ಬೊಬ್ಬರಿಗೆ ಎರಡು ನಿಮಿಷವಾದರೂ ಹತ್ತು ಜನಕ್ಕೆ ಇಪ್ಪತ್ತು ನಿಮಿಷ ಬೇಕು. ಹದಿನೈದು ಜನರಾದರೆ ಕೊನೆಯ ಐವರು ಬಾಯಿ ತೆರೆಯುವುದಿಲ್ಲ. ಮುಂದಿನ ವಾರ ಬಾರದಿರುವವರೂ ಅವರೇ. ಹದಿಮೂರನೆಯವರು ಬಂದರೆ ಎರಡು ಗುಂಪು ಮಾಡಿ, ಒಂದೇ ಮನೆಯ ಎರಡು ಕೋಣೆಗಳಾದರೂ ಸರಿ.

ಸಂಜೆ ಏಳು ಗಂಟೆಗೆ ಹೊರಟು ಅರ್ಧ ಗಂಟೆಯಲ್ಲಿ ತಲುಪಬಲ್ಲವರನ್ನೇ ಕರೆಯಿರಿ. ಮಾರತಹಳ್ಳಿಯವರನ್ನು ರಾಜಾಜಿನಗರಕ್ಕೆ ಕರೆಯುವುದು ಪ್ರೀತಿಯೇ ಇರಬಹುದು, ಆದರೆ ಮೂರನೇ ವಾರ ಅವರು ಬರುವುದಿಲ್ಲ. ಅವರ ಬಡಾವಣೆಯಲ್ಲೇ ಇನ್ನೊಂದು ಗುಂಪು ಶುರುವಾಗಲು ನೆರವಾಗಿ.

ವಾರಕ್ಕೊಂದು ಮನೆ ಎಂಬ ಪದ್ಧತಿ ನ್ಯಾಯವಾಗಿ ಕಂಡರೂ ತಪಸ್ಸುಕಾಲಕ್ಕೆ ಒಗ್ಗುವುದಿಲ್ಲ. ಪ್ರತಿ ವಾರ ಹೊಸ ವಿಳಾಸ, ಹೊಸ ಪಾರ್ಕಿಂಗ್ ಸಮಸ್ಯೆ, ಜೊತೆಗೆ ಹಿಂದಿನ ಮನೆಯವರು ಕೇಸರಿಬಾತ್ ಮಾಡಿದ್ದರು ಎಂದು ಈ ಮನೆಯವರು ಪಲಾವ್ ಮಾಡುವ ಪೈಪೋಟಿ. ಎರಡು ಮನೆ ಸಾಕು, ಮೂರು ವಾರ ಒಂದರಲ್ಲಿ, ಮೂರು ವಾರ ಇನ್ನೊಂದರಲ್ಲಿ. ಕೂಟದ ದಿನ ನೀರು ಬಿಟ್ಟು ಬೇರೇನೂ ಕೊಡುವುದಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಎಲ್ಲರೆದುರು ಹೇಳಿ. ದೂರದಿಂದ ಬಂದ ಹಿರಿಯರಿಗೆ ಮಜ್ಜಿಗೆ ಕೊಡುವುದಿದ್ದರೆ ಕೂಟ ಮುಗಿದ ಮೇಲೆ. ಈ ಒಂದು ನಿಯಮದಿಂದ ಮನೆಯೊಡತಿ ಅಡುಗೆಮನೆಯಿಂದ ಹೊರಬಂದು ವಾಕ್ಯದ ಮುಂದೆ ಕೂರಬಹುದು. ಅದಕ್ಕಾಗಿಯಾದರೂ ಇದನ್ನು ಸಡಿಲಿಸಬೇಡಿ.

ಧರ್ಮಕೇಂದ್ರದ ಗುರುಗಳಿಗೆ ಅಥವಾ ಸಭಾಪಾಲಕರಿಗೆ ಒಂದು ಮಾತು ತಿಳಿಸಿ. ಅನುಮತಿಪತ್ರ ಬೇಕೆಂದಲ್ಲ. ಗೊತ್ತಿಲ್ಲದೆ ನಡೆದರೆ ಗುಂಪುಗಾರಿಕೆ ಎಂಬ ಮಾತು ಬರುತ್ತದೆ. ಅವರು ಪ್ರತಿ ವಾರ ಬರಬೇಕಾಗಿಲ್ಲ. ಬಂದರೆ ಅವರೂ ವೃತ್ತದಲ್ಲೇ ಕೂತು ಎಲ್ಲರಂತೆ ಎರಡು ನಿಮಿಷ ಮಾತಾಡಲಿ ಎಂದು ವಿನಯದಿಂದ ಮೊದಲೇ ಕೇಳಿಕೊಳ್ಳಿ.

ಹಂತ 3: ಸಾಮಾನು

ದೊಡ್ಡ ಅಕ್ಷರದ ಒಂದು ಬೈಬಲ್, ಒಂದು ಶಿಲುಬೆ, ಮೇಜಿಗೆ ಹಾಸಲು ಒಂದು ಮೀಟರ್ ನೇರಳೆ ಬಟ್ಟೆ, ಒಂದು ದೀಪ, ಮೊಬೈಲ್ ಹಾಕಿಡಲು ಒಂದು ಬುಟ್ಟಿ, ಉಳಿತಾಯದ ಕಾಣಿಕೆಗೆ ಒಂದು ಡಬ್ಬಿ. ಅಷ್ಟೇ. ಹೂವು ಬೇಡ, ತಪಸ್ಸುಕಾಲದಲ್ಲಿ ಚರ್ಚಿನ ಪೀಠಕ್ಕೂ ಸಾಮಾನ್ಯವಾಗಿ ಹೂವಿಡುವುದಿಲ್ಲ. ಅಲ್ಲೆಲೂಯ ಬರುವ ಹಾಡುಗಳನ್ನು ಪಾಸ್ಖಕ್ಕೆ ಎತ್ತಿಡಿ.

ವಾಕ್ಯಭಾಗದ ಜೆರಾಕ್ಸ್ ಪ್ರತಿಗಳನ್ನು ಎಲ್ಲರಿಗೂ ಮಾಡಿಸಿ, ಎಲ್ಲವೂ ಒಂದೇ ಅನುವಾದದ್ದಾಗಿರಲಿ. ಒಬ್ಬರ ಕೈಯಲ್ಲಿ ಹಳೆಯ ಸತ್ಯವೇದ, ಇನ್ನೊಬ್ಬರ ಕೈಯಲ್ಲಿ ಕಥೋಲಿಕ ಬೈಬಲ್, ಮೂರನೆಯವರ ಕೈಯಲ್ಲಿ ಮೊಬೈಲ್ ಆ್ಯಪ್ ಇದ್ದರೆ ಮೌನದ ಹೊತ್ತಿನಲ್ಲಿ ಎಲ್ಲರೂ ಪಾಠ ಹೋಲಿಸುತ್ತ ಕೂರುತ್ತಾರೆ. ಪ್ರತಿಗಳನ್ನು ಎರಡನೇ ಓದಿನ ಹೊತ್ತಿಗೆ ಹಂಚಿ. ಮೊದಲ ಓದು ಕಿವಿಗೆ ಬೀಳಬೇಕು, ಕಣ್ಣಿಗಲ್ಲ.

ದೀಪದ ವಿಷಯ ಚಿಕ್ಕದೆನಿಸಿದರೂ ಕೂಟ ಕೆಡಿಸುತ್ತದೆ. ಮಾರ್ಚ್ ಸೆಕೆಯಲ್ಲಿ ಫ್ಯಾನ್ ಆರಿಸಲಾಗದು, ಫ್ಯಾನ್ ಕೆಳಗೆ ಮೇಣದಬತ್ತಿ ನಿಲ್ಲದು. ಎತ್ತರದ ಗಾಜಿನ ಲೋಟದೊಳಗೆ ದಪ್ಪ ಮೇಣದಬತ್ತಿ ಇಟ್ಟು, ಅದನ್ನು ನೀರು ಹಾಕಿದ ಸ್ಟೀಲ್ ತಟ್ಟೆಯಲ್ಲಿ ಇರಿಸಿ. ಪರದೆಯಿಂದ ಒಂದು ಮೀಟರ್ ದೂರವಿರಲಿ. ಕರೆಂಟ್ ಹೋದರೆ ಓದಲು ಚಾರ್ಜ್ ಆದ ಟಾರ್ಚ್ ಒಂದು ಕೈಗೆಟುಕುವಲ್ಲಿರಲಿ.

ಕುರ್ಚಿಗಳನ್ನು ವೃತ್ತವಾಗಿ ಹಾಕಿ, ನೆಲದಲ್ಲಿ ಕೂರುವವರಿಗೆ ಚಾಪೆ. ಸೋಫಾ ಗೋಡೆಗೆ ಅಂಟಿದ್ದರೆ ಅದರಲ್ಲಿ ಕೂತವರು ಸಭಿಕರಾಗಿಬಿಡುತ್ತಾರೆ. ಅದನ್ನು ಎಳೆದು ವೃತ್ತಕ್ಕೆ ಸೇರಿಸಿ. ಟಿವಿಗೆ ಬೆನ್ನು ಮಾಡಿ ಯಾರಾದರೂ ಕೂರುವಂತಿರಲಿ, ಎಲ್ಲರ ಮುಖ ಟಿವಿಯ ಕಡೆಗಿದ್ದರೆ ಆ ಕೋಣೆ ಶಾಲೆಯ ತರಗತಿಯಾಗುತ್ತದೆ.

ಹಂತ 4: ಮೂವರಿಗೆ ಮೂರು ಕೆಲಸ

ನಡೆಸುವವರು, ಓದುವವರು, ಸಮಯ ನೋಡುವವರು. ಒಬ್ಬರೇ ಮೂರನ್ನೂ ಹೊತ್ತರೆ ನಾಲ್ಕನೇ ವಾರ ದಣಿಯುತ್ತಾರೆ. ವಾರವಾರ ಬದಲಾಯಿಸಿ, ಆದರೆ ಮೊದಲ ಎರಡು ವಾರ ನಡೆಸುವವರು ಒಬ್ಬರೇ ಇರಲಿ. ಕ್ರಮ ಎಲ್ಲರಿಗೂ ರೂಢಿಯಾಗಬೇಕು.

ಚೆನ್ನಾಗಿ ಮಾತಾಡುವವರನ್ನು ನಡೆಸಲು ಕೂರಿಸುವುದು ಎಲ್ಲೆಡೆ ನಡೆಯುವ ತಪ್ಪು. ಕೇಳಲು ಬಲ್ಲವರನ್ನು ಕೂರಿಸಿ. ಅವರು ಹಿಂದಿನ ದಿನ ಅರ್ಧ ಗಂಟೆ ವಾಕ್ಯಭಾಗವನ್ನು ಓದಿ, ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಲಿ. ಟಿಪ್ಪಣಿ, ಮೂಲಭಾಷೆಯ ಅರ್ಥ, ಯೂಟ್ಯೂಬ್ ಪ್ರಸಂಗ ಯಾವುದೂ ಬೇಡ. ಓದುವವರು ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿ ಬರಲಿ. ಹೆಸರುಗಳಲ್ಲಿ ತಡವರಿಸಿದರೆ ಕೇಳುವವರ ಗಮನ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಭಾಷೆ ಬೆರೆತ ಗುಂಪಿನಲ್ಲಿ ಮೊದಲ ಓದು ಕನ್ನಡದಲ್ಲಿ, ಎರಡನೆಯದು ತಮಿಳು, ಕೊಂಕಣಿ ಅಥವಾ ಇಂಗ್ಲಿಷಿನಲ್ಲಿ ಆಗಬಹುದು. ಹಂಚಿಕೊಳ್ಳುವಾಗ ಯಾರಿಗೆ ಯಾವ ಭಾಷೆಯಲ್ಲಿ ಪ್ರಾರ್ಥನೆ ಬರುತ್ತದೋ ಅದರಲ್ಲೇ ಮಾತಾಡಲಿ. ವಾಕ್ಯವಾಕ್ಯಕ್ಕೂ ಅನುವಾದ ಮಾಡಲು ಹೋಗಬೇಡಿ, ಮಾತಿನ ಜೀವ ಹೋಗುತ್ತದೆ. ತೀರ ಅರ್ಥವಾಗದವರ ಪಕ್ಕ ಒಬ್ಬರು ಕೂತು ಮೆಲ್ಲಗೆ ಸಾರ ಹೇಳಿದರೆ ಸಾಕು.

ಹಂತ 5: ಎಪ್ಪತ್ತೈದು ನಿಮಿಷ

7.30ಕ್ಕೆ ಶುರು, 8.45ಕ್ಕೆ ಮುಕ್ತಾಯ. ಮೂವರೇ ಬಂದಿದ್ದರೂ 7.30ಕ್ಕೆ ದೀಪ ಹಚ್ಚಿ. ಒಂದು ವಾರ ಕಾದರೆ ಮುಂದಿನ ವಾರ ಎಲ್ಲರೂ 7.50ಕ್ಕೆ ಬರುತ್ತಾರೆ. ಈ ಕ್ರಮದ ಬೆನ್ನೆಲುಬು ದಕ್ಷಿಣ ಆಫ್ರಿಕಾದ ಲುಂಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳ ವಿಧಾನ. ಕಿರು ಕ್ರೈಸ್ತ ಸಮುದಾಯಗಳಲ್ಲಿ ಪರಿಚಿತವಾದದ್ದು. ಅದನ್ನು ಮನೆಯ ಕೂಟಕ್ಕೆ ಹೊಂದುವಂತೆ ಅಳವಡಿಸಿದ್ದೇವೆ.

ಮೊದಲ 5 ನಿಮಿಷ: ಮೊಬೈಲ್ ಬುಟ್ಟಿಗೆ, ದೀಪಕ್ಕೆ ಬೆಂಕಿ, ಸುಮ್ಮನೆ ಉಸಿರು ತಣಿಯಲಿ. ಸ್ಕೂಟರ್ ಇಳಿದು ಬಂದವರ ಎದೆ ಇನ್ನೂ ಸಿಗ್ನಲ್‌ನಲ್ಲೇ ಇರುತ್ತದೆ. ಆಮೇಲೆ 3 ನಿಮಿಷ ಒಂದು ಹಾಡು, ಎರಡು ಚರಣ ಸಾಕು. ಗಿಟಾರ್, ಕೀಬೋರ್ಡ್ ಬೇಡ. ನಂತರ 2 ನಿಮಿಷ ಪ್ರಭುವನ್ನು ಕರೆಯುವ ಚಿಕ್ಕ ಪ್ರಾರ್ಥನೆ, ಯಾರಾದರೂ ಒಬ್ಬರು ಸ್ವಂತ ಮಾತಿನಲ್ಲಿ.

ಮೊದಲ ಓದಿಗೆ 4 ನಿಮಿಷ, ನಿಧಾನವಾಗಿ. ಮುಗಿದ ಮೇಲೆ 5 ನಿಮಿಷ ಪದಗಳನ್ನು ಎತ್ತಿ ಹೇಳುವುದು: ಮನಸ್ಸಿಗೆ ತಾಕಿದ ಒಂದು ಪದ ಅಥವಾ ತುಣುಕು ವಾಕ್ಯವನ್ನು ಮೂರು ಸಲ, ನಡುನಡುವೆ ಬಿಡುವು ಕೊಟ್ಟು, ಗಟ್ಟಿಯಾಗಿ ಹೇಳುವುದು. ಏಕೆ ತಾಕಿತು ಎಂದು ಹೇಳುವಂತಿಲ್ಲ. ಹೊಸಬರು ಇಲ್ಲೇ ವಿವರಣೆ ಶುರುಮಾಡುತ್ತಾರೆ. "ಪದ ಮಾತ್ರ ಸಾಕು, ಮಾತು ಆಮೇಲೆ" ಎಂದು ನಡೆಸುವವರು ನಗುಮುಖದಿಂದ ತಡೆಯಬೇಕು. ಬಳಿಕ ಇನ್ನೊಬ್ಬರ ದನಿಯಲ್ಲಿ ಎರಡನೇ ಓದು, ಮತ್ತೆ 4 ನಿಮಿಷ.

ಈಗ ಮೌನ, 7 ನಿಮಿಷ. ಮೊದಲ ವಾರ 4ರಿಂದ ಶುರುಮಾಡಿ, ಎರಡನೇ ವಾರ 5, ಮೂರನೆಯದಕ್ಕೆ 7. ಎಷ್ಟು ಹೊತ್ತು ಎಂದು ಮೊದಲೇ ಹೇಳಿಬಿಡಿ. ಯಾವಾಗ ಮುಗಿಯುತ್ತದೋ ತಿಳಿಯದ ಮೌನದಲ್ಲಿ ಜನ ಗಡಿಯಾರವನ್ನೇ ಧ್ಯಾನಿಸುತ್ತಾರೆ. ಎರಡನೇ ನಿಮಿಷಕ್ಕೆ ಕೆಮ್ಮು, ಕುರ್ಚಿಯ ಸದ್ದು ಬರುವುದು ಸಹಜ, ಅದು ಮೌನದ ಬಾಗಿಲು. ನಾಲ್ಕನೆಯದರ ಹೊತ್ತಿಗೆ ಕೋಣೆ ಶಾಂತವಾಗುತ್ತದೆ. ಅಲ್ಲಿಗೆ ತಲುಪುವ ಮೊದಲೇ ಮೌನ ಮುರಿದು "ಯಾರಾದರೂ ಹೇಳಿ" ಎನ್ನುವುದೇ ಕೂಟಗಳನ್ನು ಕೊಲ್ಲುವ ತಪ್ಪು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ, ಮಗು ಅತ್ತರೆ, ಕಾಲಿಂಗ್ ಬೆಲ್ ಬಾರಿಸಿದರೆ ಕ್ಷಮೆ ಕೇಳುವ ಅಗತ್ಯವಿಲ್ಲ, ಬಾಗಿಲ ಬಳಿಯವರು ಎದ್ದು ನೋಡಲಿ. ಹಿನ್ನೆಲೆ ಸಂಗೀತ ಖಂಡಿತ ಬೇಡ. ಅದು ಮೌನವನ್ನು ಮೃದುಮಾಡುವುದಿಲ್ಲ, ಇಲ್ಲವಾಗಿಸುತ್ತದೆ.

ಹಂಚಿಕೊಳ್ಳಲು 22 ನಿಮಿಷ. ಈ ವಾರದ ಒಂದು ಕೆಲಸವನ್ನು ಗೊತ್ತುಮಾಡಲು 10. ಪ್ರಾರ್ಥನೆ, ಕೋರಿಕೆಗಳಿಗೆ 10. ಕೊನೆಯ 3 ನಿಮಿಷದಲ್ಲಿ ಕರ್ತರ ಪ್ರಾರ್ಥನೆ, ದೀಪ ಆರಿಸುವುದು. ಸಿಎಸ್‌ಐ ಸಭೆಯವರು ಕೊನೆಗೆ "ರಾಜ್ಯವೂ ಬಲವೂ ಮಹಿಮೆಯೂ" ಎಂದು ಮುಂದುವರಿಸುತ್ತಾರೆ, ಕಥೋಲಿಕರು ಅದಕ್ಕೂ ಮೊದಲೇ ನಿಲ್ಲಿಸುತ್ತಾರೆ. ಮೊದಲೇ ಮಾತಾಡಿಕೊಳ್ಳದಿದ್ದರೆ ಪ್ರತಿ ವಾರ ಪ್ರಾರ್ಥನೆಯ ಕೊನೆಯಲ್ಲೇ ಎಡವುತ್ತೀರಿ.

ಚಿಕ್ಕ ಮಕ್ಕಳು ಎರಡನೇ ಓದಿನವರೆಗೂ ಜೊತೆಗಿರಲಿ. ಪದ ಎತ್ತಿ ಹೇಳುವುದರಲ್ಲಿ ಅವರು ದೊಡ್ಡವರಿಗಿಂತ ಚುರುಕು. ಮೌನದ ಮೊದಲು ಅವರನ್ನು ಬೇರೆ ಕೋಣೆಗೆ ಕರೆದೊಯ್ಯುವುದಾದರೆ ದೊಡ್ಡವರು ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು.

ಹಂತ 6: ಹಂಚಿಕೊಳ್ಳುವಾಗ

ನಿಯಮಗಳು ನಾಲ್ಕೇ. "ನಾನು" ಎಂದೇ ಮಾತಾಡುವುದು, "ನಾವೆಲ್ಲರೂ" ಎಂದಲ್ಲ. ಎರಡು ನಿಮಿಷದೊಳಗೆ ಮುಗಿಸುವುದು. ಇನ್ನೊಬ್ಬರ ಮಾತಿಗೆ ಉತ್ತರ, ಸಲಹೆ, ತಿದ್ದುಪಡಿ ಕೊಡದಿರುವುದು. ಮಾತಾಡಲು ಮನಸ್ಸಿಲ್ಲದವರು "ಮುಂದೆ" ಎಂದರೆ ಯಾರೂ ಒತ್ತಾಯಿಸದಿರುವುದು. ಇವನ್ನು ಪ್ರತಿ ವಾರವೂ ಗಟ್ಟಿಯಾಗಿ ಓದಿ, ಹಳಬರಷ್ಟೇ ಇದ್ದರೂ ಓದಿ.

ಮೊದಲು ಕೆಡುವುದು ಸಲಹೆಯ ನಿಯಮ. ಒಬ್ಬಾಕೆ ಮಗನ ಕೆಲಸ ಹೋದ ನೋವು ಹೇಳಿಕೊಂಡರೆ ಮೂವರು ಕನ್ಸಲ್ಟೆನ್ಸಿ ನಂಬರ್ ಕೊಡಲು ಮುಂದಾಗುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ಆಕೆ ಅಂದು ನಂಬರ್ ಕೇಳಲು ಬಂದಿರಲಿಲ್ಲ. "ಅಣ್ಣಾ, ಅದನ್ನು ಕೂಟ ಮುಗಿದ ಮೇಲೆ ಅಕ್ಕನ ಹತ್ತಿರ ಮಾತಾಡೋಣ, ಈಗ ಒಂದು ಕ್ಷಣ ಸುಮ್ಮನಿರೋಣ" ಎಂದು ನಡೆಸುವವರು ಹೇಳಬೇಕು. ಆ ಒಂದು ಕ್ಷಣವನ್ನು ನಿಜವಾಗಿ ಕೊಡಬೇಕು.

ಪ್ರಸಂಗ ಶುರುಮಾಡಿದವರಿಗೆ, "ಅಂಕಲ್, ಈ ಮಾತು ಈ ವಾರ ನಿಮಗೆ ಎಲ್ಲಿ ತಾಗಿತು ಅಂತ ಹೇಳಿಬಿಡಿ, ಆಮೇಲೆ ಪಕ್ಕದವರು." ಅಳು ಬಂದವರಿಗೆ ಮಾತು ಬೇಡ. ನೀರಿನ ಲೋಟ ಪಕ್ಕದಲ್ಲಿಡಿ, ಕಾಯಿರಿ. ಪ್ರಾರ್ಥನೆಯ ಕೋರಿಕೆಯ ವೇಷದಲ್ಲಿ ಚಾಡಿ ಬಂದರೆ, ಉದಾಹರಣೆಗೆ "ಇಂಥವರ ಮನೆಯಲ್ಲಿ ಗಲಾಟೆಯಂತೆ, ಅವರಿಗಾಗಿ ಪ್ರಾರ್ಥಿಸೋಣ" ಎಂದರೆ, "ಹೆಸರು ಬೇಡ, ದೇವರಿಗೆ ಗೊತ್ತು" ಎಂದು ಅಲ್ಲಿಗೇ ನಿಲ್ಲಿಸಿ. ರಾಜಕೀಯ, ಚರ್ಚ್ ಸಮಿತಿ, ಗುರುಗಳ ಮೇಲಿನ ದೂರು ಇವೂ ಹೀಗೆಯೇ ನುಸುಳುತ್ತವೆ.

ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲೇ ಉಳಿಯಬೇಕು. ಇದಕ್ಕೆ ಒಂದು ಅಪವಾದವನ್ನು ಮೊದಲ ದಿನವೇ ತಿಳಿಸಿ: ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಮಗುವಿಗೆ ಹಿಂಸೆಯಾಗುತ್ತಿದ್ದರೆ ಗುಟ್ಟು ಕಾಯುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ಸಾಯುವ ಮಾತಾಡುವವರಿಗೆ ಟೆಲಿ ಮಾನಸ್ 14416, ತುರ್ತಿಗೆ 112. ಈ ನಾಲ್ಕು ಸಂಖ್ಯೆಗಳು ನಡೆಸುವವರ ಬೈಬಲ್ ಒಳಗೆ ಬರೆದಿರಲಿ.

ಹಂತ 7: ಆರು ವಾರದ ವಾಕ್ಯಭಾಗ ಮತ್ತು ಪ್ರಶ್ನೆ

"ಇದರಿಂದ ನಾವು ಕಲಿಯುವ ಪಾಠವೇನು?" ಎಂಬ ಪ್ರಶ್ನೆ ಕೇಳಬೇಡಿ, ಎಲ್ಲರೂ ಭಾನುವಾರದ ಶಾಲೆಯ ಉತ್ತರ ಒಪ್ಪಿಸುತ್ತಾರೆ. ಪ್ರಶ್ನೆ ಈ ವಾರದ ಬದುಕಿನ ಒಂದು ಜಾಗಕ್ಕೆ ಮುಟ್ಟಬೇಕು. ಬಿ ವರ್ಷದ ಭಾಗಗಳಿಗೆ ಹೀಗೆ ಮಾಡಬಹುದು.

ಮೊದಲ ವಾರ, ಮಾರ್ಕ 1:12–15. ನಾಲ್ಕೇ ವಚನ. ಇಲ್ಲಿ ಕಲ್ಲು ರೊಟ್ಟಿಯಾಗುವ ಮಾತಾಗಲಿ ದೇವಾಲಯದ ಶಿಖರವಾಗಲಿ ಇಲ್ಲ, ಅವು ಮತ್ತಾಯ ಮತ್ತು ಲೂಕರಲ್ಲಿವೆ. ಜನ ನೆನಪಿನಿಂದ ಅವನ್ನೇ ಹೇಳತೊಡಗುತ್ತಾರೆ. ಮಾರ್ಕ ಹೇಳುವುದು ಅಡವಿ, ಕಾಡುಮೃಗಗಳು, ದೇವದೂತರು. ಅಲ್ಲಿಗೇ ಹಿಂದಿರುಗಿಸಿ. ಪ್ರಶ್ನೆ: ನನ್ನ ದಿನದಲ್ಲಿ ಅಡವಿಯಂಥ ಹೊತ್ತು ಯಾವುದು, ಅಲ್ಲಿ ನನ್ನ ಜೊತೆ ಯಾರಿದ್ದಾರೆ?

ಎರಡನೇ ವಾರ, ಮಾರ್ಕ 9:2–10. ಏನು ಹೇಳಬೇಕೋ ತೋಚದೆ ಪೇತ್ರ ಮೂರು ಗುಡಾರ ಕಟ್ಟುವ ಮಾತಾಡುತ್ತಾನೆ. ಪ್ರಶ್ನೆ: ಸುಮ್ಮನಿರಬೇಕಾದ ಯಾವ ಕಡೆ ನಾನು ಮಾತು ತುಂಬಿದೆ?

ಮೂರನೇ ವಾರ, ಯೊವಾನ್ನ 2:13–25, ದೇವಾಲಯದ ವ್ಯಾಪಾರಿಗಳ ಪ್ರಸಂಗ. ಬಹಳ ಎಚ್ಚರ ಬೇಕಾದ ಕೂಟ ಇದು. ಐದು ನಿಮಿಷದಲ್ಲಿ ಮಾತು ಚರ್ಚಿನ ಹಣಕಾಸಿಗೆ, ಕಟ್ಟಡ ನಿಧಿಗೆ, ಯಾರ ಹೆಸರಿನ ಕಲ್ಲು ಎಲ್ಲಿದೆ ಎಂಬುದಕ್ಕೆ ಹರಿಯುತ್ತದೆ. ಪ್ರಶ್ನೆಯನ್ನು ಒಳಮುಖವಾಗಿಯೇ ಕೇಳಿ: ನನ್ನೊಳಗೆ ಯಾವ ಮೇಜು ಉರುಳಿದರೆ ಪ್ರಾರ್ಥನೆಗೆ ಜಾಗವಾಗುತ್ತದೆ?

ನಾಲ್ಕನೇ ವಾರ, ಯೊವಾನ್ನ 3:14–21. ಇದರ ಹದಿನಾರನೇ ವಚನ ಎಲ್ಲರಿಗೂ ಬಾಯಿಪಾಠ, ಆದ್ದರಿಂದಲೇ ಯಾರೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಪದ ಎತ್ತುವಾಗ ಅದನ್ನು ಬಿಟ್ಟು ಬೇರೆ ವಚನದಿಂದ ಎತ್ತಲು ಹೇಳಿ. ಕಂಚಿನ ಸರ್ಪದ ಹಿನ್ನೆಲೆ ಸಂಖ್ಯಾಕಾಂಡ 21ರಲ್ಲಿದೆ, ಓದಿನ ಮೊದಲು ಒಂದು ನಿಮಿಷದಲ್ಲಿ ಹೇಳಿಬಿಡಿ. ಐದನೇ ವಾರ ಯೊವಾನ್ನ 12:20–33, ಗೋಧಿಯ ಕಾಳು: ನಾನು ಬಿಗಿಯಾಗಿ ಹಿಡಿದುಕೊಂಡದ್ದು ಏನು?

ಆರನೇ ವಾರ ಯೇಸುವಿನ ಯಾತನೆ, ಮರಣದ ವೃತ್ತಾಂತವನ್ನು ಪೂರ್ತಿ ಓದಲು ಹೋಗಬೇಡಿ, ಅದು ಭಾನುವಾರ ಚರ್ಚಿನಲ್ಲಿ ಬರುತ್ತದೆ. ಗೆತ್ಸೆಮನೆ ತೋಟದ ಭಾಗ ಮಾತ್ರ, ಮಾರ್ಕ 14:32–42. ಅಂದು ಪ್ರಶ್ನೆಯೂ ಬೇಡ, ಮೌನವನ್ನು ಹತ್ತು ನಿಮಿಷಕ್ಕೆ ಏರಿಸಿ.

ಎ ವರ್ಷದಲ್ಲಿ ಯೊವಾನ್ನನ 4, 9, 11ನೇ ಅಧ್ಯಾಯಗಳು ಬರುತ್ತವೆ. ಸಮಾರ್ಯದ ಹೆಂಗಸು, ಹುಟ್ಟುಕುರುಡ, ಲಾಜರ. ಮೂರೂ ದೀರ್ಘ. ಮೊದಲ ಓದಿನಲ್ಲಿ ಪಾತ್ರ ಹಂಚಿ ಪೂರ್ತಿ ಓದಿ, ಎರಡನೆಯದಕ್ಕೆ ಹತ್ತು ಹನ್ನೆರಡು ವಚನ ಆರಿಸಿ. ಹಾಡಿನ ಸಮಯವನ್ನು ಇದಕ್ಕೆ ಬಿಟ್ಟುಕೊಡಿ, ಮೌನದ್ದನ್ನಲ್ಲ. ಸಿ ವರ್ಷದಲ್ಲಿ ಲೂಕ 15ರ ದುಂದುಗಾರ ಮಗ ಬಂದಾಗ ಎಲ್ಲರೂ ಕಿರಿಯನ ಬಗ್ಗೆ ಮಾತಾಡುತ್ತಾರೆ. ಹೊರಗೆ ನಿಂತ ಹಿರಿಯ ಮಗನ ಬಗ್ಗೆ ಕೇಳಿ.

ಹಂತ 8: ಉಪವಾಸ ಮತ್ತು ವಾರದ ಒಂದು ಕೆಲಸ

ಕಥೋಲಿಕ ನಿಯಮದಲ್ಲಿ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ: ಒಂದು ಪೂರ್ಣ ಊಟ, ಎರಡು ಚಿಕ್ಕ ಊಟ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಮಾಂಸವರ್ಜನೆ 14 ತುಂಬಿದ ಎಲ್ಲರಿಗೂ. ಗುಂಪು ಇದಕ್ಕಿಂತ ಕಠಿಣವಾದದ್ದನ್ನು ಯಾರ ಮೇಲೂ ಹೇರಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವವರು ಊಟ ಬಿಡಬಾರದು. ಯಾರಿಗಾದರೂ ಕೈ ನಡುಗಿದರೆ, ಬೆವರು ಬಂದು ತಲೆ ಸುತ್ತಿದರೆ ಕೂಡಲೇ ಸಕ್ಕರೆ ನೀರು ಕೊಡಿ, ಪ್ರಾರ್ಥನೆ ಆಮೇಲೆ. ಊಟ ಬಿಡಬಾರದವರು ಬೇರೆಯದನ್ನು ಬಿಡಲಿ.

ಯೆಶಾಯ 58:6–7 ಉಪವಾಸವನ್ನು ಹಸಿದವರ ಊಟಕ್ಕೆ ಜೋಡಿಸುತ್ತದೆ. ಹಂಚಿಕೊಂಡ ನಂತರದ ಹತ್ತು ನಿಮಿಷ ಇದಕ್ಕೇ. ಕೆಲಸ ಚಿಕ್ಕದಿರಲಿ, ಮುಂದಿನ ಗುರುವಾರದೊಳಗೆ ಆಯಿತೇ ಇಲ್ಲವೇ ಎಂದು ಹೇಳುವಂತಿರಲಿ. "ಬಡವರ ಬಗ್ಗೆ ಕಾಳಜಿ ವಹಿಸೋಣ" ಎಂಬುದು ಕೆಲಸವಲ್ಲ. "ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಿಗೆ ಈ ವಾರ ಪ್ರತಿದಿನ ಬೆಳಿಗ್ಗೆ ಕುಡಿಯುವ ನೀರು, ಕೂರಲು ನಮ್ಮ ಗೇಟಿನ ಒಳಗೆ ನೆರಳು" ಎಂಬುದು ಕೆಲಸ. ಹಾಸಿಗೆ ಹಿಡಿದ ಹಿರಿಯರೊಬ್ಬರ ಜೊತೆ ಒಂದು ಗಂಟೆ ಕೂರುವುದು, ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡುವುದು, ಮನೆಗೆಲಸದವರಿಗೆ ಸಂಬಳ ಕಡಿಯದೆ ಒಂದು ದಿನ ಹೆಚ್ಚಿಗೆ ರಜೆ ಕೊಡುವುದು ಇವೂ ಆಗುತ್ತವೆ. ಮುಂದಿನ ವಾರ ಮಾಡಿದವರು "ಆಯಿತು" ಎಂದರೆ ಸಾಕು. ವಿವರ, ಫೋಟೊ ಬೇಡ. ದಾನ, ಪ್ರಾರ್ಥನೆ, ಉಪವಾಸ ಗುಟ್ಟಾಗಿರಲಿ ಎನ್ನುವ ಮತ್ತಾಯ 6ನೇ ಅಧ್ಯಾಯವನ್ನು ಬೂದಿ ಬುಧವಾರ ಕೇಳಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಆ್ಯಪ್‌ನಲ್ಲಿ ತರಿಸುವ ಊಟ, ಹೊರಗಿನ ಕಾಫಿ ಬಿಟ್ಟು ಉಳಿಸಿದ ಹಣ ಡಬ್ಬಿಗೆ ಬೀಳಲಿ. ಯಾರು ಎಷ್ಟು ಹಾಕಿದರು ಎಂಬುದು ಗುಟ್ಟು. ಒಟ್ಟು ಎಷ್ಟಾಯಿತು, ಎಲ್ಲಿಗೆ ಹೋಯಿತು ಎಂಬುದು ಬಹಿರಂಗ. ಯಾರಿಗೆ ಕೊಡುವುದೆಂದು ಮೊದಲ ವಾರವೇ ತೀರ್ಮಾನಿಸಿ. ಬಡವರಿಗೆ ನೆರವಾಗುವ, ಧರ್ಮಕೇಂದ್ರದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಮೂಲಕ ಕೊಡಬಹುದು. ಕೊನೆಯಲ್ಲಿ ಇಬ್ಬರು ಸೇರಿ ಎಣಿಸಿ ಚೀಟಿ ಬರೆಯಲಿ.

ಹಂತ 9: ನೆರೆಹೊರೆ ಮತ್ತು ವಾಟ್ಸ್ಆ್ಯಪ್

ಬಾಡಿಗೆ ಮನೆಯಾದರೆ ಮಾಲೀಕರಿಗೆ, ಅಪಾರ್ಟ್‌ಮೆಂಟ್ ಆದರೆ ಅಕ್ಕಪಕ್ಕದವರಿಗೆ "ಆರು ಗುರುವಾರ, ಹತ್ತು ಜನ, ಒಂಬತ್ತರೊಳಗೆ ಮುಗಿಯುತ್ತದೆ" ಎಂದು ಮೊದಲೇ ತಿಳಿಸಿ. ಹೇಳದೆ ಹತ್ತು ಜೊತೆ ಚಪ್ಪಲಿ ಬಾಗಿಲಲ್ಲಿ ಕಂಡರೆ ಸಂಶಯ ಹುಟ್ಟುವುದು ಸಹಜ. ಚಪ್ಪಲಿ ಒಳಗಿಡಿ. ಮೈಕ್ ಬೇಡವೇ ಬೇಡ. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಬೇರೆಯವರ ಮಕ್ಕಳು ಕುತೂಹಲಕ್ಕೆ ಬಂದರೆ ಅಪ್ಪ ಅಮ್ಮಂದಿರ ಒಪ್ಪಿಗೆಯಿಲ್ಲದೆ ಕೂರಿಸಿಕೊಳ್ಳಬೇಡಿ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಸ್ಥಳ, ಸಮಯ, ವಾಕ್ಯಭಾಗ ಮಾತ್ರ. ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿದರೆ ಮುಂಜಾನೆಯ ಫಾರ್ವರ್ಡ್‌ಗಳ ಕಾಟ ಇರುವುದಿಲ್ಲ.

ಹಂತ 10: ಮೂರನೇ ವಾರದ ಸೂಚನೆಗಳು

ಜನ 8 ಗಂಟೆಯ ನಂತರ ಬರತೊಡಗುವುದು, ಅದೇ ಮೂವರು ಮಾತಾಡುವುದು, ಮೌನ ತಾನಾಗಿ ಎರಡು ನಿಮಿಷಕ್ಕೆ ಇಳಿಯುವುದು, ಮನೆಯವರು ಮತ್ತೆ ಅಡುಗೆಮನೆಯಲ್ಲಿ ಓಡಾಡುವುದು. ಇವುಗಳಲ್ಲಿ ಎರಡು ಕಂಡರೂ ಅದೇ ವಾರ ಸರಿಪಡಿಸಿ. ಮಾತಿನ ಸರದಿಯನ್ನು ಎದುರುದಿಕ್ಕಿನಿಂದ ಶುರುಮಾಡಿದರೆ ಕೊನೆಯವರು ಮೊದಲಿಗರಾಗುತ್ತಾರೆ. ಹೆಚ್ಚು ಮಾತಾಡುವವರಿಗೆ ಸಮಯ ನೋಡುವ ಹೊಣೆ ಕೊಡಿ, ಆ ಹೊಣೆ ಸಿಕ್ಕವರು ತಾವೂ ಚುಟುಕಾಗುತ್ತಾರೆ. ಬಾರದವರಿಗೆ ಗುಂಪಿನಲ್ಲಿ ಅಲ್ಲ, ಒಬ್ಬರೇ ಫೋನ್ ಮಾಡಿ. "ಯಾಕೆ ಬರಲಿಲ್ಲ" ಎನ್ನಬೇಡಿ, "ಹೇಗಿದ್ದೀರಿ" ಎನ್ನಿ. ನಾಲ್ಕೇ ಜನ ಉಳಿದರೆ ನಾಲ್ಕೇ ಜನ ನಡೆಸಿ, ಸಮಯ 50 ನಿಮಿಷಕ್ಕೆ ಇಳಿಸಿ, ಮೌನ ಮಾತ್ರ ಅಷ್ಟೇ ಇರಲಿ.

ಹಂತ 11: ಕೊನೆಯ ಕೂಟ

ಆರನೇ ಗುರುವಾರ ಮೌನ ಮತ್ತು ಪ್ರಾರ್ಥನೆ ಮುಗಿದ ಮೇಲೆ ಒಟ್ಟಿಗೆ ಗಂಜಿ ಉಣ್ಣಬಹುದು, ಹಿರಿಯರ ಮಜ್ಜಿಗೆ ಬಿಟ್ಟರೆ ನೀರು ಮಾತ್ರ ಎಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಹತ್ತು ಜನಕ್ಕೆ 750 ಗ್ರಾಂ ಕುಚ್ಚಲಕ್ಕಿಯನ್ನು ಹಿಂದಿನ ರಾತ್ರಿ ನೆನೆಸಿ, 6ರಿಂದ 7 ಲೀಟರ್ ನೀರಿನಲ್ಲಿ 10 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಬೇಯಿಸಿ. ಉಪ್ಪು ಕೊನೆಯಲ್ಲಿ. ಜೊತೆಗೆ ಕಾಲು ಕಿಲೋ ಹೆಸರುಕಾಳಿನ ಪಲ್ಯ, ತೆಂಗಿನಕಾಯಿ ಚಟ್ನಿ. ಇನ್ನೊಂದು ಪದಾರ್ಥ ಸೇರಿಸಲು ಯಾರಾದರೂ ಹೊರಟರೆ ತಡೆಯಿರಿ.

ಕೆಲವು ಗುಂಪುಗಳು ಪವಿತ್ರ ಗುರುವಾರ ಮನೆಯಲ್ಲೇ ರೊಟ್ಟಿ, ದ್ರಾಕ್ಷಾರಸ ಇಟ್ಟು ಕೊನೆಯ ಭೋಜನದಂತೆ ಮಾಡಲು ಹೋಗುತ್ತವೆ. ಇದು ಬೇಡ. ಮನೆಯ ಕೂಟ ಬಲಿಪೂಜೆಯಲ್ಲ, ಅದರ ನಕಲೂ ಆಗಬಾರದು. ಪಾದ ತೊಳೆಯುವುದನ್ನು ಕುಟುಂಬದೊಳಗೆ ಮಾಡಿಕೊಳ್ಳಬಹುದು. ಪವಿತ್ರ ಗುರುವಾರ, ಶುಭ ಶುಕ್ರವಾರ, ಪಾಸ್ಖ ಜಾಗರಣೆ ಮೂರಕ್ಕೂ ಗುಂಪಾಗಿ ಚರ್ಚಿಗೆ ಹೋಗಿ. ನಡೆಯಲಾಗದ ಹಿರಿಯರನ್ನು ಯಾರು ಯಾವ ಗಾಡಿಯಲ್ಲಿ ಕರೆದೊಯ್ಯುವುದು ಎಂದು ಈ ಕೂಟದಲ್ಲೇ ಬರೆದುಕೊಳ್ಳಿ.

ಪಾಸ್ಖದ ನಂತರ ಕೂಟವನ್ನು ತಾನಾಗಿ ಮುಂದುವರಿಸಬೇಡಿ. ಆರು ವಾರಕ್ಕೆ ಒಪ್ಪಿಕೊಂಡವರನ್ನು ಆರು ವಾರಕ್ಕೆ ಬಿಡುಗಡೆ ಮಾಡಿ. ಮುಂದುವರಿಸುವ ಆಸೆಯಿದ್ದರೆ ಮೇ ತಿಂಗಳಲ್ಲಿ ಹೊಸದಾಗಿ ಕೇಳಿ. ಗರಿಗಳ ಭಾನುವಾರ ತಂದ ಗರಿಯನ್ನು ಶಿಲುಬೆಯ ಹಿಂದೆ ಸಿಕ್ಕಿಸಿಡಿ, ಮುಂದಿನ ಬೂದಿ ಬುಧವಾರದ ಬೂದಿ ಮಾಡುವುದು ಇಂಥ ಗರಿಗಳನ್ನು ಸುಟ್ಟೇ. ಮುಂದಿನ ವರ್ಷ ಬೂದಿ ಬುಧವಾರಕ್ಕೆ ಎರಡು ವಾರ ಮೊದಲು ಎಲ್ಲರ ಮನೆಯ ಗರಿ ಒಟ್ಟುಮಾಡಿ ಚರ್ಚಿಗೆ ಕೊಡುವ ಹೊಣೆಯನ್ನು ಒಬ್ಬರು ಈಗಲೇ ವಹಿಸಿಕೊಳ್ಳಲಿ. ಮುಂದಿನ ಕೂಟಕ್ಕೆ ಜನರನ್ನು ಕೇಳಲು ಆ ಭೇಟಿಯೇ ಸಮಯ.